‘ಹೋಗಿ ಬನ್ನಿ’ ಎನ್ನುವ ಹಳ್ಳಿ



ಹೊರಡುವವರು ‘ಹೋಗುತ್ತೇನೆ’ ಎಂದಷ್ಟೇ ಹೇಳಿದರೆ ಕನ್ನಡದ ಮನೆಗಳಲ್ಲಿ ಹಿರಿಯರು ಕೂಡಲೇ ತಿದ್ದುತ್ತಾರೆ: ‘ಹೋಗಿ ಬರ್ತೀನಿ ಅನ್ನಬೇಕು.’ ಜಪಾನಿನ ಮನೆಗಳಲ್ಲಿಯೂ ಇದಕ್ಕೆ ಸಮನಾದ ಮಾತಿದೆ. ಹೊರಡುವವರು ‘ಇತ್ತೆಕಿಮಾಸು’ ಎನ್ನುತ್ತಾರೆ, ಅಂದರೆ ಹೋಗಿ ಬರುತ್ತೇನೆ. ಉಳಿಯುವವರು ‘ಇತ್ತೆರಾಶ್ಶಾಯ್’ ಎನ್ನುತ್ತಾರೆ, ಅಂದರೆ ಹೋಗಿ ಬನ್ನಿ. ಮೂಲತಃ ಇದು ಒಂದೇ ಮನೆಯವರ ನಡುವಿನ ಮಾತು. ರೈತ ಕುಟುಂಬವೊಂದು ಕೆಲವು ದಿನ ತಂಗಿದ್ದ ಪರದೇಶದ ಅತಿಥಿಯನ್ನು ಇದೇ ಮಾತಿನಿಂದ ಬೀಳ್ಕೊಟ್ಟಾಗ, ಆ ಮಾತಿಗೆ ಏನು ಬೆಲೆ? ಇಂದಿನ ವಿಚಾರ ಅದು.

ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯದಲ್ಲಿ ಅಜಿಮು ಎಂಬ ಊರಿದೆ. 2005ರಿಂದ ಅದು ಉಸಾ ನಗರಾಡಳಿತದ ಭಾಗ. ದ್ರಾಕ್ಷಿ ಬೆಳೆಗೆ ಹೆಸರಾದ ಈ ಊರಿನ ರೈತರು 1996ರಲ್ಲಿ ಅತಿಥಿಗಳನ್ನು ತಮ್ಮ ಮನೆಗಳಲ್ಲೇ ಇರಿಸಿಕೊಳ್ಳತೊಡಗಿದರು. 1948ರ ವಸತಿಗೃಹ ಕಾಯಿದೆಯ ಕಟ್ಟುಪಾಡುಗಳನ್ನು ಸಾಮಾನ್ಯ ರೈತನ ಮನೆ ಪೂರೈಸುವಂತಿರಲಿಲ್ಲ. ಆದ್ದರಿಂದ ಅವರು ಸದಸ್ಯರಿಗಷ್ಟೇ ಬಾಗಿಲು ತೆರೆಯುವ ಉಪಾಯ ಕಂಡುಕೊಂಡರು. 2002ರಲ್ಲಿ ಪ್ರಾಂತ್ಯದ ಆಡಳಿತವೇ ನಿಯಮಗಳನ್ನು ಸಡಿಲಿಸಿತು. ಒಮ್ಮೆ ತಂಗಿದವರು ದೂರದ ನೆಂಟರು, ಹತ್ತು ಸಲ ತಂಗಿದವರು ನಿಜವಾದ ನೆಂಟರು ಎಂಬುದು ಅಲ್ಲಿನವರ ಲೆಕ್ಕ. ಅದನ್ನು ಗುರುತುಹಾಕಲು ಒಂದು ಚೀಟಿಯೂ ಉಂಟು.

ಶಾಲಾಮಕ್ಕಳು ಗುಂಪಾಗಿ ಇಂಥ ಹಳ್ಳಿಗಳಿಗೆ ಬಂದರೆ ಬರುವ ದಿನ ‘ಗ್ರಾಮಪ್ರವೇಶ’ದ ಸಭೆ, ಹೊರಡುವ ದಿನ ‘ರಿಸೊನ್‌ಶಿಕಿ’ ಎಂಬ ಗ್ರಾಮ ಬಿಡುವ ಸಭೆ ನಡೆಯುತ್ತದೆ. ಆತಿಥೇಯ ಗೃಹಿಣಿಯನ್ನು ‘ಒಕಾಸಾನ್’, ಅಂದರೆ ಅಮ್ಮ, ಎಂದು ಕರೆಯುವುದು ರೂಢಿ. ಒಂದೆರಡು ರಾತ್ರಿ ತಂಗಿದ ಮಕ್ಕಳೂ ಅವರನ್ನು ಕಳಿಸಲು ಬಂದ ವೃದ್ಧರೂ ಅಲ್ಲಿ ಅಳುವುದುಂಟು. ಇದು ನಾಟಕವೇ? ಅಲ್ಲ. 2020ರಲ್ಲಿ ಜಪಾನಿನ ಮುಖ್ಯ ಕೃಷಿ ದುಡಿಮೆಗಾರರ ಸರಾಸರಿ ವಯಸ್ಸು 67.8 ವರ್ಷ. ತಮ್ಮ ಸ್ವಂತ ಮಕ್ಕಳಿಗೆ ‘ಹೋಗಿ ಬನ್ನಿ’ ಎಂದು ಹೇಳಿ, ಅವರು ಒಸಾಕಾದಲ್ಲಿಯೋ ಟೋಕಿಯೋದಲ್ಲಿಯೋ ನೆಲೆನಿಂತದ್ದನ್ನು ಕಂಡ ಮನೆಗಳು ಆ ಹಳ್ಳಿಗಳಲ್ಲಿ ಬಹಳ. ಅತಿಥಿಯ ನಿರ್ಗಮನ ಅವರಿಗೆ ಹಳೆಯದೊಂದು ನಿರ್ಗಮನವನ್ನು ನೆನಪಿಸುತ್ತದೆ. ಊರಿನ ಬಸ್ಸು ಹತ್ತಿ ಬಂದ ಯಾವ ವಲಸಿಗ ಕನ್ನಡಿಗನಿಗೂ ಇದನ್ನು ವಿವರಿಸಬೇಕಾಗಿಲ್ಲ.

ಹಣ ಪಡೆದು ತೋರಿದ ಪ್ರೀತಿ ಪ್ರೀತಿಯೇ ಎಂದು ಕೆಲವರು ಕೇಳುತ್ತಾರೆ. ಆದರೆ ಅಡುಗೆ, ಹಾಸಿಗೆ, ಉಪಚಾರ ಇವು ಹೆಚ್ಚಾಗಿ ಹೆಂಗಸರ ದುಡಿಮೆ. ಕೃಷಿ ಕುಟುಂಬಗಳಲ್ಲಿ ಕೂಲಿಯಿಲ್ಲದೆ ಸವೆದ ದುಡಿಮೆ. ಅದಕ್ಕೆ ಸಂಭಾವನೆ ಬಂದ ಮಾತ್ರಕ್ಕೆ ಕಣ್ಣೀರು ಸುಳ್ಳಾಗುವುದಿಲ್ಲ. ಪರೀಕ್ಷಿಸಬೇಕಾದ ಪ್ರಶ್ನೆ ಬೇರೆ: ‘ಹೋಗಿ ಬನ್ನಿ’ ಎನ್ನಿಸಿಕೊಂಡವರಲ್ಲಿ ಮರಳಿ ಬರುವ ಹಕ್ಕು ಯಾರಿಗಿದೆ?

ಜಪಾನಿನ ಗ್ರಾಮಾಂತರಕ್ಕೆ ಬೇರೊಂದು ಬಗೆಯ ಪರದೇಶಿಯರೂ ಬರುತ್ತಾರೆ. 1993ರಲ್ಲಿ ಆರಂಭವಾದ ‘ತಾಂತ್ರಿಕ ತರಬೇತಿ’ ಯೋಜನೆಯಡಿ ವಿಯೆಟ್ನಾಂ, ಇಂಡೋನೇಷ್ಯಾ ಮೊದಲಾದ ದೇಶಗಳ ಯುವಜನರು ಅಲ್ಲಿನ ಹೊಲ, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಗರಿಷ್ಠ ಐದು ವರ್ಷ ಇರಬಹುದು. ಕುಟುಂಬವನ್ನು ಕರೆತರುವಂತಿಲ್ಲ. ಯಜಮಾನನನ್ನು ಬದಲಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. 2024ರಲ್ಲಿ ಅಲ್ಲಿನ ಸಂಸತ್ತು ಈ ಯೋಜನೆಯನ್ನು ಕೊನೆಗಾಣಿಸಿ 2027ರಿಂದ ಹೊಸದನ್ನು ತರುವ ಕಾನೂನು ಮಾಡಿತು. ಯಜಮಾನನನ್ನು ಬದಲಿಸಲು ಷರತ್ತಿನ ಅವಕಾಶ ದೊರೆಯಿತು. ಕುಟುಂಬಕ್ಕೆ ಬಾಗಿಲು ತೆರೆಯಲಿಲ್ಲ. ಮೂರು ರಾತ್ರಿ ತಂಗಿದ ಅತಿಥಿ ದೂರದ ನೆಂಟ. ಐದು ವರ್ಷ ದುಡಿದವರು ಕಾನೂನಿನ ಕಣ್ಣಿಗೆ ಅವಧಿ ಮುಗಿದ ಕೈಗಳು.

ಇದು ಜಪಾನಿನ ಮೇಲಷ್ಟೇ ಹೊರಿಸುವ ಆರೋಪವಲ್ಲ. ವಾಸದ ಪರವಾನಗಿಯನ್ನು ಯಜಮಾನನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿಯನ್ನು ಕರಾವಳಿಯ ಎಷ್ಟೋ ಮನೆಗಳು ಬಲ್ಲವು. ಕೊಲ್ಲಿಯ ಮನೆಗಳಲ್ಲಿ ಮಕ್ಕಳನ್ನು ಸಾಕಿದ ಹೆಂಗಸರಿಗೆ ಅಪ್ಪುಗೆಯ ವಿದಾಯ ಸಿಕ್ಕಿರಬಹುದು. ಆ ಮಕ್ಕಳನ್ನು ಮತ್ತೆ ಕಾಣಲು ಬರುವ ವೀಸಾ ಆ ಅಪ್ಪುಗೆಯಿಂದ ಸಿಗುವುದಿಲ್ಲ.

ಹಾಗೆಂದು ಅಜಿಮುವಿನ ಅಜ್ಜಿಯರ ಸಜ್ಜನಿಕೆಯನ್ನು ಸಂಶಯಿಸಬೇಕಿಲ್ಲ. ಅಪರಿಚಿತನನ್ನೂ ಎಣಿಸಿ ಎಣಿಸಿ ನೆಂಟನಾಗಿಸಿಕೊಳ್ಳಬಹುದು ಎಂಬುದನ್ನು ಆ ಚೀಟಿ ತೋರಿಸಿಕೊಟ್ಟಿದೆ. ಅದನ್ನು ಮೆಚ್ಚಿ, ಕಣ್ಣೊರೆಸಿಕೊಂಡು ಹೊರಟ ಅತಿಥಿಯ ಮೇಲೆ ಒಂದು ಋಣ ಉಳಿಯುತ್ತದೆ. ಕೃತಜ್ಞತೆಯ ಪತ್ರ, ಉಡುಗೊರೆಗಳಿಂದ ತೀರುವ ಋಣವಲ್ಲ ಅದು. ತಾನು ನೆಲೆಸಿದ ದೇಶದಲ್ಲಿ, ತಾನು ಬಿಟ್ಟುಬಂದ ದೇಶದಲ್ಲಿ, ದುಡಿಯಲು ಬಂದವರಿಗೂ ಬದುಕಲು ಬಂದವರ ಹಕ್ಕು ದೊರೆಯಬೇಕೆಂದು ಕೇಳುವುದು ಆ ಋಣದ ಮೊದಲ ಕಂತು.