ಆ ಪಿಕಳಾರ ಯಾವ ಬೆಟ್ಟದ್ದು?

ಮೊದಲು ನನ್ನ ತಪ್ಪೇ ಹೇಳ್ತೀನಿ. ಹೊಳಲ್ಕೆರೆಯಿಂದ ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗಿಬಂದ ದಿನ, ಕಂಡ ಹಕ್ಕಿಗಳನ್ನೆಲ್ಲ ಇ-ಬರ್ಡ್‌ನಲ್ಲಿ ಒಂದೇ ಪಟ್ಟಿ ಮಾಡಿ, ಜಾಗ ‘ಹೊಳಲ್ಕೆರೆ’ ಅಂತ ಹಾಕಿಬಿಟ್ಟೆ. ಅದರಲ್ಲಿ ಹಳದಿ ಕೊರಳಿನ ಪಿಕಳಾರವೂ ಇತ್ತು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲಲ್ಲಷ್ಟೇ ಬದುಕೋ ಹಕ್ಕಿ, ನಕ್ಷೆಯಲ್ಲಿ ನಮ್ಮೂರ ಅಡಿಕೆ ತೋಟದಲ್ಲಿ ಕೂತಿತ್ತು! ಪರಿಶೀಲಕರು ಕೇಳಿದ್ರು: “ಎಲ್ಲಿ ಕಂಡಿದ್ದು? ಬಿಳಿ ಹುಬ್ಬಿನ ಪಿಕಳಾರ ಅಲ್ಲ ತಾನೇ?” ಫೋಟೊ ಇತ್ತು, ಹಕ್ಕಿ ಉಳೀತು. ಪಟ್ಟಿ ಒಡೆದು ಜಾಗ ತಿದ್ದಿದೆ.

2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರೋದು ನಮ್ಮಂಥ ಸುಮಾರು 30,000 ಜನರ ಪಟ್ಟಿಗಳ ಮೇಲೆ. ನಾಳೆ ಒಂದು ಬೆಟ್ಟಕ್ಕೆ ಕಲ್ಲು ಕ್ವಾರಿ ಬಂದ್ರೆ, ಆ ಬೆಟ್ಟದ ಹೆಸರಲ್ಲೇ ದಾಖಲೆ ಇರಬೇಕಲ್ವಾ? ಹಾಂ, ಕಾಗೆ, ಗೊರವಂಕನೂ ಬಿಡದೆ ಬರೀರಿ. ಪಟ್ಟಿ ಪೂರ್ತಿ ಇದ್ರೆ ಮಾತ್ರ ಯಾವ ಹಕ್ಕಿ ಕಾಣಲಿಲ್ಲ ಅನ್ನೋದೂ ಲೆಕ್ಕಕ್ಕೆ ಸಿಗುತ್ತೆ.