ತಳಕಲ್ಲಿನಿಂದ ಇಟಗಿಯ ಕಡೆಗೆ

ಗದಗ-ಕೊಪ್ಪಳ ರೈಲಿನಲ್ಲಿ ತಳಕಲ್ ದಾಟುವವರಲ್ಲಿ ಹೆಚ್ಚಿನವರ ಮನಸ್ಸು ಹಂಪಿಯ ಕಡೆಗೇ ಇರುತ್ತದೆ. ಹಂಪಿ ದೊಡ್ಡದು, ಒಪ್ಪಲೇಬೇಕು. ಆದರೆ ಇಲ್ಲಿಂದ ಕುಕನೂರು, ಇಟಗಿ ಹತ್ತಿರವೇ ಇವೆ.

ಇಟಗಿಯ ಮಹಾದೇವ ದೇವಾಲಯ 1112ರದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ತೆರೆದ ಮಂಟಪದ ಅರವತ್ತಕ್ಕೂ ಹೆಚ್ಚು ಕಂಬಗಳಲ್ಲಿ ಕೆಲವು ಕನ್ನಡಿಯಷ್ಟು ನುಣುಪು. ಬಳಪದ ಕಲ್ಲು ಮೃದು, ಆದ್ದರಿಂದಲೇ ಶಿಲ್ಪಿಯ ಉಳಿ ಅಷ್ಟು ಸೂಕ್ಷ್ಮವಾಗಿ ಆಡಿತು. ದಂಡನಾಯಕನಿಗೆ ಹೆತ್ತವರ ಮೇಲೂ ಎಂಥ ಮಮತೆ! ತಂದೆಯ ಹೆಸರಿನಲ್ಲಿ ಮೂರ್ತಿನಾರಾಯಣ, ತಾಯಿಯ ಹೆಸರಿನಲ್ಲಿ ಚಂದಲೇಶ್ವರಿ ಗುಡಿಗಳೂ ಅಲ್ಲೇ ಎದ್ದವು.

ಕುಕನೂರಿನ ನವಲಿಂಗ ಗುಡಿಗಳು ಇನ್ನೂ ಹಳೆಯವು, ರಾಷ್ಟ್ರಕೂಟರ ಕಾಲದವು.

ಕೊಪ್ಪಳದ ಗವಿಮಠಕ್ಕೆ ಜಾತ್ರೆಗೆಂದು ಲಕ್ಷಾಂತರ ಜನ ಬರುತ್ತಾರೆ. ಮಠವಿರುವ ಬೆಟ್ಟದ ಬಂಡೆಯಲ್ಲೇ ಅಶೋಕನ ಶಾಸನವಿದೆ, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಮಠದ ಗವಿಸಿದ್ಧೇಶ್ವರನಿಗೆ ಕೈಮುಗಿದವರು ಆ ಬಂಡೆಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಇನ್ನು ಗಂಗಾವತಿ ಬಳಿಯ ಹಿರೇಬೆಣಕಲ್. ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದ ಶಿಲಾಸಮಾಧಿಗಳು ಗುಡ್ಡದ ತುಂಬ ಇವೆ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕಲ್ಲು ಹತ್ತುವ ದಾರಿ. ನೀರಿನ ಬಾಟಲಿ ಹಿಡಿದು ಬೆಳಗ್ಗೆಯೇ ಹೊರಡುವುದು ಒಳ್ಳೆಯದು.