ವಿಕ್ಸ್‌ಬರ್ಗಿನ ದಂಡಯಾತ್ರೆ



ಅಮೆರಿಕದ ಅಂತರ್ಯುದ್ಧವೆಂದರೆ ಲಿಂಕನ್, ಗುಲಾಮಗಿರಿ ಎಂದಷ್ಟೇ ನಾವು ಓದಿರುತ್ತೇವೆ. ಅದರ ಒಂದು ದಂಡಯಾತ್ರೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಆಗ ಮಿಸಿಸಿಪ್ಪಿ ನದಿಯ ತಿರುವಿನಲ್ಲಿ, ಎತ್ತರದ ದಿಬ್ಬದ ಮೇಲೆ ವಿಕ್ಸ್‌ಬರ್ಗ್ ಇತ್ತು. ಅದು ದಕ್ಷಿಣದವರ ಕೈಯಲ್ಲಿರುವ ತನಕ ನದಿ ಉತ್ತರದವರದಲ್ಲ. ಉತ್ತರದ ಜನರಲ್ ಗ್ರಾಂಟ್ ಕಾಲುವೆ ತೋಡಿಸಿ ನೋಡಿದ, ಕೆಸರು ಹಳ್ಳಗಳಲ್ಲಿ ಹಡಗು ನುಗ್ಗಿಸಿ ನೋಡಿದ, ಯಾವುದೂ ಫಲಿಸಲಿಲ್ಲ. ಕೊನೆಗೆ ಸೈನ್ಯವನ್ನು ಆಚೆ ದಡದಲ್ಲೇ ದಕ್ಷಿಣಕ್ಕೆ ನಡೆಸಿದ. 1863ರ ಏಪ್ರಿಲ್ 16ರ ರಾತ್ರಿ ಪೋರ್ಟರನ ಹಡಗುಗಳು ಶತ್ರುವಿನ ಫಿರಂಗಿಗಳ ಎದುರೇ ಹಾದುಹೋದವು. 30ರಂದು ದಂಡು ನದಿ ದಾಟಿತು.

ಆಮೇಲೂ ಗ್ರಾಂಟ್ ನೇರ ವಿಕ್ಸ್‌ಬರ್ಗಿಗೆ ಹೋಗಲಿಲ್ಲ. ರೈಲು ಕೂಡುವ ಜಾಕ್ಸನ್ ಪಟ್ಟಣವನ್ನು ಮೇ 14ರಂದು ಹಿಡಿದು, ಹಿಂತಿರುಗಿ 16ರಂದು ಚಾಂಪಿಯನ್ ಹಿಲ್‌ನಲ್ಲಿ ಗೆದ್ದ. ಎದುರಾಳಿ ಪೆಂಬರ್ಟನ್‌ಗೆ ಅಧ್ಯಕ್ಷ ಡೇವಿಸ್ ಊರು ಬಿಡಬೇಡ ಎಂದಿದ್ದ. ಮೇಲಧಿಕಾರಿ ಜಾನ್‌ಸ್ಟನ್ ಹೊರಬಂದು ನನ್ನನ್ನು ಸೇರು ಎನ್ನುತ್ತಿದ್ದ. ಇಬ್ಬರು ಮ್ಯಾನೇಜರುಗಳ ಕೆಳಗೆ ದುಡಿದವರಿಗೆ ಅವನ ಪಾಡು ತಿಳಿದೀತು! ಅವನು ಹುಟ್ಟಿದ್ದೂ ಉತ್ತರದಲ್ಲೇ. ಇಬ್ಬರು ತಮ್ಮಂದಿರು ಎದುರು ಪಕ್ಷದಲ್ಲಿದ್ದರು.

ಮುತ್ತಿಗೆ ಬಿತ್ತು. ಜನ ಗುಡ್ಡ ಕೊರೆದು ಗುಹೆಗಳಲ್ಲಿ ಬದುಕಿದರು. ನಕಾಶೆಯಲ್ಲಿ ಬಾಣ ಎಳೆದು ಜನರಲ್‌ಗಳನ್ನು ಹೊಗಳುವವರು ಜೂನ್ 7ರ ಮಿಲಿಕೆನ್ಸ್ ಬೆಂಡ್ ಕಾಳಗವನ್ನು ಹಾರಿಸಿಬಿಡುತ್ತಾರೆ. ಅಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ, ಸರಿಯಾದ ತರಬೇತಿಯೂ ಸಿಗದಿದ್ದ ಕಪ್ಪು ಸೈನಿಕರು ಬಯೋನೆಟ್ ಹಿಡಿದು, ಮೈಮೇಲೆ ಬಿದ್ದ ಶತ್ರುವಿನೊಡನೆ ಹೊಡೆದಾಡಿದರು. ನದಿಯಲ್ಲಿದ್ದ ಯುದ್ಧನೌಕೆಗಳ ಬೆಂಬಲದಿಂದ ನೆಲೆ ಉಳಿಯಿತು.

ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು.